ಮೂರನೆಯ ದ್ವೀಪ

ಊಟ ಆಯ್ತಾ, ನೀರು ಬೇಕಾ, ಹೊರಡೋದಾ. ಮದುವೆಯಾದ ಈ ಎರಡು ತಿಂಗಳಲ್ಲಿ ಪದ್ಮಶ್ರೀ ಗಂಡನ ಜೊತೆ ಆಡಿದ್ದೆಲ್ಲ ಇಂಥ ಮಾತುಗಳೇ. ನೀನು ಎಂದು ಶುರುವಾಗುವ ಮಾತೂ ಇಲ್ಲ, ನೀವು ಎಂದು ಶುರುವಾಗುವ ಮಾತೂ ಇಲ್ಲ. ನೀನು ಎಂದರೆ ಅತ್ತೆ ಲಕ್ಷ್ಮೀದೇವಮ್ಮ ಕಣ್ಣು ಬಿಡುತ್ತಾರೆ; ನೀವು ಎನ್ನೋಣವೆಂದರೆ ನಾಲಿಗೆ ಏಳುವುದಿಲ್ಲ. ಭಾನುಪ್ರಕಾಶ ಅವಳ ಮೈದುನನಾಗಿದ್ದವನು. ಅವಳು ಕೆಂಪರಾಜನ ಕೈ ಹಿಡಿದು ಅರಿಶಿನಕುಂಟೆಯ ಆ ಮನೆಗೆ ಬಂದಾಗ ಅವನಿನ್ನೂ ಡಿಪ್ಲೊಮಾ ಓದುತ್ತಿದ್ದ, ಮೀಸೆ ಸರಿಯಾಗಿ ಮೂಡಿರಲಿಲ್ಲ. ಭಾನು ಬಾರೋ, ಭಾನು ತಿನ್ನೋ, ಭಾನು ಆ ಸಿಲಿಂಡರ್ ಸ್ವಲ್ಪ ಎತ್ತಿಕೊಡೋ ಎಂದು ಅಷ್ಟು ವರ್ಷ ಕರೆದ ಬಾಯಿ ಅದು. ಕೆಂಪರಾಜ ಡೆಂಗಿ ಜ್ವರದಲ್ಲಿ ಒಂದು ವಾರವೂ ಉಳಿಯದೆ ಹೋದ. ಅವನ ಎರಡನೆಯ ವರ್ಷದ ತಿಥಿ ಮುಗಿದ ಮೇಲೆ ಮನೆಯವರೆಲ್ಲ ಸೇರಿ ಅವಳಿಗೂ ಭಾನುವಿಗೂ ಮದುವೆ ಮಾಡಿದರು. ಅವನದೂ ಅದೇ ಪಾಡು. ಅತ್ತಿಗೆ ಎನ್ನುವ ಹಾಗಿಲ್ಲ, ಪದ್ಮಾ ಎನ್ನಲು ಬಾಯಿ ಬರುವುದಿಲ್ಲ. ಈಗ ಅಂಡಮಾನಿನ ಈ ಜೆಟ್ಟಿಯ ಮೇಲೆ ನಿಂತು ಅವಳ ಲೈಫ್ ಜಾಕೆಟ್ಟಿನ ಪಟ್ಟಿ ಎಳೆಯುತ್ತ ಅವನು ಕೇಳಿದ್ದೂ ಅಂಥದೇ ಮಾತು.

"ಬಿಗಿಯಾಯ್ತಾ?"

"ಪರವಾಗಿಲ್ಲ."

"ಉಸಿರಾಡಕ್ಕೆ ಆಗ್ತಿದೆಯಾ?"

"ಹ್ಞೂಂ."

ಪಟ್ಟಿ ಹಾಕಲು ಬಂದಿದ್ದ ದೋಣಿಯವನನ್ನು ತಡೆದು, "ನಿನ್ ಹೆಂಡ್ತಿಗೆ ಅವ್ನ್ಯಾಕೋ ಹಾಕ್ಬೇಕು, ನೀನೇ ಹಾಕು" ಎಂದು ಭಾನುವನ್ನು ಮುಂದಕ್ಕೆ ದಬ್ಬಿದವಳು ಪ್ರಮೋದಾ. ಅವಳು ಕೆಂಪರಾಜ, ಭಾನು ಇಬ್ಬರಿಗೂ ಅಕ್ಕ. ಅವಳ ಗಂಡ ಗಂಗಣ್ಣನದು ನೆಲಮಂಗಲದಲ್ಲಿ ಸಿಮೆಂಟ್ ಇಟ್ಟಿಗೆ ಮಾಡಿಸುವ ಕೆಲಸ. ಈ ಪ್ರವಾಸ ಪೂರ್ತಿ ಪ್ರಮೋದಾಳ ಏರ್ಪಾಡು. ಇಬ್ಬರನ್ನೇ ಕಳಿಸಿದರೆ ಎರಡು ಕಂಬಗಳ ಹಾಗೆ ಹೋಗಿ ಎರಡು ಕಂಬಗಳ ಹಾಗೆ ವಾಪಸು ಬರುತ್ತಾರೆ ಎಂದು ತಾನೂ ಗಂಡನನ್ನು ಹೊರಡಿಸಿಕೊಂಡು ಬಂದಿದ್ದಳು. ಅವಳು ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು ಎಂದು ಪದ್ಮಶ್ರೀಗೆ ಎಷ್ಟೋ ಸಲ ಅನ್ನಿಸಿದೆ. ಕೆಂಪರಾಜನ ಹನ್ನೊಂದನೆಯ ದಿನ ಯಾರೋ ಮುದುಕಿ ಬಳೆ ಒಡೆಯಬೇಕೆಂದು ಬಂದಾಗ, "ನನ್ ತಮ್ಮನ ಹೆಂಡ್ತಿ ಕೈ ಮುಟ್ಟಿದ್ರೆ ನೋಡು" ಎಂದು ಬಾಗಿಲಿಗೆ ಅಡ್ಡ ನಿಂತವಳು ಅವಳು. ಇಷ್ಟು ಚಿಕ್ಕ ವಯಸ್ಸಿಗೆ ಈ ಹುಡುಗಿ ಬರೀ ಕೊರಳಲ್ಲಿ ಕೂತಿರಬಾರದು ಎಂದು ನೆಂಟರಿಷ್ಟರ ಜೊತೆಗೆಲ್ಲ ಜಗಳವಾಡಿದವಳೂ ಅವಳೇ. ಎಲ್ಲರ ಬಾಯಲ್ಲೂ ಒಂದೇ ಮಾತು: ಪದ್ಮ ಪುಣ್ಯವಂತೆ, ಇಂಥ ಮನೆ ಯಾರಿಗೆ ಸಿಗುತ್ತೆ. ಪುಣ್ಯವಂತೆ ಎಂದು ಕೇಳಿದಾಗಲೆಲ್ಲ ತಲೆ ಬಗ್ಗಿಸುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು.

ದೋಣಿ ಹತ್ತುವ ಮುಂಚೆ ಊರಿಂದ ವಿಡಿಯೋ ಕಾಲ್ ಬಂತು. ಪ್ರಮೋದಾ ಫೋನು ಚಾಚಿ ಹಿಡಿದಳು. ಪರದೆಯ ತುಂಬ ಪದ್ಮಶ್ರೀಯ ಮಗಳು ನವ್ಯಳ ಹಲ್ಲು ಬಿದ್ದ ಬಾಯಿ.

"ಅಮ್ಮಾ, ಸಮುದ್ರ ತೋರ್ಸು. ಚಿಕ್ಕಪ್ಪ ಎಲ್ಲಿ?"

"ಚಿಕ್ಕಪ್ಪ ಅಲ್ಲ ಕಣೆ, ಅಪ್ಪ ಅನ್ನು," ಎಂದು ಅತ್ತೆಯ ಧ್ವನಿ ಹಿಂದಿನಿಂದ ಬಂತು.

"ಅಪ್ಪ ಗೋಡೆ ಮೇಲಿದಾರಲ್ಲ ಅಜ್ಜಿ."

"ಇವ್ರೂ ಅಪ್ಪಾನೇ. ಎಲ್ಲಿ, ಒಂದ್ಸಲ ಅನ್ನು, ಜಾಣೆ."

ಮಗು ಅನ್ನಲಿಲ್ಲ. ಭಾನು ಮುಂದೆ ಬಂದು, "ನವ್ಯಾ, ನಿಂಗೆ ಕಪ್ಪೆಚಿಪ್ಪು ತರ್ತೀನಿ" ಎಂದು ಕೈಬೀಸಿ, ಅತ್ತೆ ಇನ್ನೊಮ್ಮೆ ಹೇಳಿಕೊಡುವ ಮುಂಚೆಯೇ ಸಿಗ್ನಲ್ ಇಲ್ಲವೆಂದು ಕಾಲ್ ಮುಗಿಸಿಬಿಟ್ಟ. ಸಿಗ್ನಲ್ ಚೆನ್ನಾಗಿಯೇ ಇತ್ತು. ಪದ್ಮಶ್ರೀ ಅದನ್ನು ನೋಡಿದಳು, ಅವಳು ನೋಡಿದ್ದನ್ನು ಅವನೂ ನೋಡಿದ.

ದೋಣಿಯ ಗೈಡು ಹಿಂದಿಯಲ್ಲಿ ದಿನದ ಕಾರ್ಯಕ್ರಮ ಹೇಳಿದ. ಮೂರು ದ್ವೀಪ. ಮೊದಲನೆಯದರಲ್ಲಿ ಬ್ರಿಟಿಷರ ಕಾಲದ ಪಾಳು ಕಟ್ಟಡಗಳು, ಎರಡನೆಯದರಲ್ಲಿ ಹವಳ, ಮೂರನೆಯದರಲ್ಲಿ ಯಾರೂ ವಾಸವಿಲ್ಲ, ಬಿಳಿ ಮರಳು, ಅಷ್ಟೆ. ಆಮೇಲೆ ಹನಿಮೂನ್ ಜೋಡಿ ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಪ್ರಮೋದಾ ಕೈಯೆತ್ತಿ ಇಬ್ಬರನ್ನೂ ತೋರಿಸಿದಳು. ದೋಣಿಯವರೆಲ್ಲ ಚಪ್ಪಾಳೆ ತಟ್ಟಿದರು. ಮುಂದಿನ ಬೆಂಚು ಅವರಿಗಾಯಿತು. ಎರಡು ಜಾಕೆಟ್ಟುಗಳ ದಪ್ಪ ನಡುವೆ ಇದ್ದುದರಿಂದ ಮೈಗೆ ಮೈ ತಾಗಲಿಲ್ಲ, ಅದೊಂದು ನೆಮ್ಮದಿ. ಆದರೆ ಹಿಂದಿನ ಬೆಂಚಿನಲ್ಲಿ ಪ್ರಮೋದಾ, ಗಂಗಣ್ಣ ಕೂತಿದ್ದರು. ಬೆನ್ನಿನ ಮೇಲೆ ಅವರ ನೋಟ ಬಿಸಿಲಿನ ಹಾಗೆ ಬೀಳುತ್ತಿತ್ತು. ಎಂಜಿನ್ನು ಶುರುವಾಯಿತು. ಆ ಸದ್ದಿಗೆ ಹಲಗೆ ನಡುಗಿ, ನಡುಕ ಕಾಲಿನಿಂದ ಏರಿ ಹಲ್ಲಿನವರೆಗೆ ಬಂತು. ಈ ನಡುಕ ತನಗೆ ಗೊತ್ತು ಎನ್ನಿಸಿತು ಅವಳಿಗೆ. ದೊಡ್ಡಬಳ್ಳಾಪುರದ ಒಂದು ಓಣಿಯಲ್ಲಿ, ಒಂದು ಮನೆಯ ನಡುಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದಾಗ ನೆಲ ಹೀಗೇ ನಡುಗುತ್ತಿತ್ತು. ಗೋಡೆಯಾಚೆ ಮಗ್ಗಗಳು ಓಡುತ್ತಿದ್ದವು. ಆ ಮನೆಯ ನೆನಪು ಬರಬಾರದೆಂದು ಅವಳು ನೀರಿನ ಕಡೆ ತಿರುಗಿದಳು. ನೀರು ಹಸಿರಾಗಿತ್ತು, ಪ್ರಮೋದಾ ಹಿಂದಿನಿಂದ ಬಗ್ಗಿ, "ನೋಡೇ ಪದ್ಮಾ, ನಿನ್ ಸೀರೆ ಬಣ್ಣಾನೇ" ಎಂದಳು.

ಮೊದಲ ದ್ವೀಪದಲ್ಲಿ ಜಿಂಕೆಗಳು ಮನುಷ್ಯರ ಕೈಯಿಂದಲೇ ತಿನ್ನುತ್ತಿದ್ದವು. ಅಲ್ಲೊಂದು ಪಾಳು ಮನೆ, ಒಂದು ಕಾಲಕ್ಕೆ ಸಾಹೇಬರು ಅದರಲ್ಲಿ ಕುಣಿಯುತ್ತಿದ್ದರಂತೆ; ಅದರ ಗೋಡೆಗಳನ್ನು ಆಲದ ಜಾತಿಯ ಮರದ ಬೇರುಗಳು ಅಪ್ಪಿ ಹಿಡಿದಿದ್ದವು. ಬೇರು ತೆಗೆದರೆ ಗೋಡೆ ಬೀಳುತ್ತದೆ, ಗೋಡೆ ತೆಗೆದರೆ ಮರ ಬೀಳುತ್ತದೆ, ಅದಕ್ಕೇ ಯಾರೂ ಮುಟ್ಟುವುದಿಲ್ಲ ಎಂದು ಗೈಡು ಹೇಳಿದ. ಪ್ರಮೋದಾ ಆ ಗೋಡೆಯ ಮುಂದೆ ಇಬ್ಬರನ್ನೂ ನಿಲ್ಲಿಸಿದಳು. "ಭುಜದ್ ಮೇಲೆ ಕೈ ಹಾಕೋ. ಹಂಗಲ್ಲ ಕಣೋ, ಗಾಡಿ ಮೇಲೆ ಕೈ ಇಟ್ಟಂಗೆ ಇಡ್ತೀಯಲ್ಲ." ಭಾನುವಿನ ಕೈ ಬಂದು ಕೂತಿತು, ಭಾರವೇ ಇರಲಿಲ್ಲ, ಬೆರಳುಗಳನ್ನು ಅವನು ಮೇಲಕ್ಕೆತ್ತಿ ಹಿಡಿದಿದ್ದಾನೆ, ಅಂಗೈಯ ಅಂಚು ಮಾತ್ರ ತಾಗಿಸಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಹೋಟೆಲಿನ ಕೋಣೆಯಲ್ಲೂ ಹೀಗೆಯೇ. ಒಂದೇ ಮಂಚ. ಅವನು ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ಬಿಟ್ಟು ಬರುತ್ತಾನೆ, ಅವಳು ನಿದ್ದೆ ಬಂದವಳಂತೆ ಗೋಡೆ ಕಡೆ ತಿರುಗಿರುತ್ತಾಳೆ, ಅವನು ಕೆಳಗೆ ಹೊದಿಕೆ ಹಾಸಿಕೊಳ್ಳುವ ಸದ್ದು ಕೇಳುತ್ತದೆ. ಬೆಳಗ್ಗೆ ಹೋಟೆಲಿನವರು ಬರುವ ಮೊದಲು ಅವಳೇ ಎದ್ದು ಆ ಹೊದಿಕೆ ಮಡಿಸಿ ಮಂಚದ ಮೇಲಿಡುತ್ತಾಳೆ. ಇಬ್ಬರೂ ಕೂಡಿ ಮಾಡುವ ಸಂಸಾರದ ಕೆಲಸ ಅದೊಂದೇ.

ಅದೇ ದೋಣಿಯಲ್ಲಿ ಬಂದಿದ್ದ ಮೈಸೂರಿನ ಕಡೆಯ ಒಬ್ಬ ಹೆಂಗಸು ಕನ್ನಡ ಕೇಳಿ ಹತ್ತಿರ ಬಂದರು. ಎಲ್ಲಿಯವರು, ಏನು ಎಂದು ವಿಚಾರಿಸಿ, "ಹೊಸ ಜೋಡಿ, ಚೆನ್ನಾಗಿ ಓಡಾಡ್ಬಿಡಿ ಈಗ್ಲೇ. ಮಕ್ಕಳಾದ್ಮೇಲೆ ಎಲ್ಲಿ ಆಗುತ್ತೆ? ಇನ್ನೂ ಮಕ್ಕಳ ತಾಪತ್ರಯ ಇಲ್ವಲ್ಲ?" ಎಂದರು.

"ಇಲ್ಲ," ಎಂದಳು ಪದ್ಮಶ್ರೀ.

ಬಾಯಿಂದ ಬಿದ್ದ ಮೇಲೆ ಅದು ಏನೆಂದು ತಿಳಿಯಿತು. ಇದೆ ಎಂದರೆ ಎಷ್ಟು ವರ್ಷ ಎಂದು ಕೇಳುತ್ತಾರೆ, ಆರು ಎಂದರೆ ಮುಖ ನೋಡುತ್ತಾರೆ, ಆಮೇಲೆ ಕೆಂಪರಾಜನನ್ನು ಈ ಜಿಂಕೆಗಳ ನಡುವೆ ಇನ್ನೊಮ್ಮೆ ಸಾಯಿಸಬೇಕು. ಅಷ್ಟೆಲ್ಲ ಒಂದೇ ಕ್ಷಣದಲ್ಲಿ ತಲೆಯೊಳಗೆ ಹೊಳೆದಿತ್ತೇ, ಅಥವಾ ಇದೆಲ್ಲ ಈಗ ಹೂಡುತ್ತಿರುವ ನೆಪವೇ? ಹಲ್ಲು ಬಿದ್ದ ಬಾಯಿ ಕಣ್ಣ ಮುಂದೆ ಬಂತು. ಪ್ರಮೋದಾ ಸೆರಗು ಸರಿಮಾಡಿಕೊಂಡಳು. ಆಗ ಭಾನು, ಜಿಂಕೆಯ ಕಡೆ ನೋಡುತ್ತಲೇ, "ಇದಾಳೆ ಮೇಡಂ. ಒಬ್ಳು ಮಗಳಿದಾಳೆ ನಮಗೆ. ಒಂದನೇ ಕ್ಲಾಸು" ಎಂದ. ಆ ಹೆಂಗಸಿನ ಮುಖದಲ್ಲಿ ಲೆಕ್ಕಾಚಾರ ಮೂಡಿ ಮರೆಯಾಯಿತು. "ಓ, ಸಂತೋಷ" ಎಂದು ತಮ್ಮ ಗಂಡನ ಕಡೆ ಹೋಗಿಬಿಟ್ಟರು. ಪದ್ಮಶ್ರೀಗೆ ಕಿವಿಯವರೆಗೆ ಬಿಸಿಯೇರಿತು. ಹೆತ್ತವಳು ಇಲ್ಲವೆಂದಳು, ಇವನು ಇದ್ದಾಳೆಂದ. ಅವನು ಬಯ್ಯಬಹುದಿತ್ತು, ಒಂದು ಸಲ ತಿರುಗಿ ನೋಡಬಹುದಿತ್ತು. ಅವನು ಒಳ್ಳೆಯವನಾಗಿಯೇ ಇದ್ದ. ಈ ಒಳ್ಳೆಯತನಕ್ಕೆ ತಾನು ಏನು ಮಾಡಿದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಎರಡನೆಯ ದ್ವೀಪದಲ್ಲಿ ಗಂಡಸರು ನೀರಿಗಿಳಿದರು. ಪ್ರಮೋದಾ ಅವಳನ್ನು ತಳಕ್ಕೆ ಗಾಜು ಹಾಕಿದ ಸಣ್ಣ ದೋಣಿಯಲ್ಲಿ ಕೂರಿಸಿಕೊಂಡಳು. ಗಾಜಿನ ಕೆಳಗೆ ಬೂದಿಬಣ್ಣದ ಹವಳ, ಮಿದುಳಿನಂಥದ್ದು, ಜಿಂಕೆಯ ಕೊಂಬಿನಂಥದ್ದು ಸರಿದು ಹೋಗುತ್ತಿತ್ತು. ಬಣ್ಣಬಣ್ಣದ್ದು ಎಂದಿದ್ದರು, ಹಾಗೇನೂ ಇರಲಿಲ್ಲ. ಇಬ್ಬರೂ ಗಾಜಿನ ಮೇಲೆ ಬಗ್ಗಿದಾಗ ಪ್ರಮೋದಾ ಮೆಲ್ಲಗೆ ಶುರುಮಾಡಿದಳು.

"ಇನ್ನೂ ಏನೂ ಆಗಿಲ್ವಂತೆ?"

ಪದ್ಮಶ್ರೀ ಮೀನುಗಳನ್ನೇ ನೋಡಿದಳು.

"ನಮ್ಮನೆಯವ್ರು ಭಾನೂನ ಕೇಳಿದ್ರು. ಅವ್ರಿಗೆ ಟೈಂ ಬೇಕು ಭಾವ ಅಂದ್ನಂತೆ. ಟೈಂ ಅಂದ್ರೆ ಎಷ್ಟು ಟೈಮೇ? ನಾನು ಹೆಂಗ್ಸು, ನಿನ್ ಕಷ್ಟ ಗೊತ್ತಾಗುತ್ತೆ. ಕೆಂಪ ನನ್ ತಮ್ಮ ಅಲ್ವಾ? ನಾನು ಮರ್ತಿದೀನಾ? ಆದ್ರೆ ಇವ್ನೂ ಗಂಡ್ಸು. ಬಾಯ್ಬಿಟ್ಟು ಕೇಳಲ್ಲ ಅಂತ ನೀನು ಹಂಗೇ ಇದ್ಬಿಟ್ರೆ ಹೆಂಗೆ?"

"ಆಯ್ತಕ್ಕ."

"ಆಯ್ತಕ್ಕ ಅಂತೀಯ ಎಲ್ಲದಕ್ಕೂ. ಅಮ್ಮ ದಿನಾ ಕೇಳ್ತಾರೆ, ನಾನೇನ್ ಹೇಳ್ಲಿ?"

ತನ್ನ ಮೈಯ ಸಂಗತಿ ಅರಿಶಿನಕುಂಟೆಯ ನಡುಮನೆಯವರೆಗೆ ದಿನವೂ ಹೋಗಿಬರುತ್ತಿದೆ. ಗಂಗಣ್ಣ ಬೆಳಗ್ಗೆ ಇಡ್ಲಿ ತಿನ್ನುತ್ತ ತನ್ನನ್ನು ನೋಡಿ ನಕ್ಕದ್ದರಲ್ಲೂ ಅದೇ ಇದ್ದಿರಬೇಕು. ಗಾಜಿನ ಕೆಳಗೆ ಒಂದು ಪಟ್ಟೆಮೀನು ಹವಳದ ಸಂದಿಯಿಂದ ಆಚೆ ಬಂತು, ಇವರ ನೆರಳು ಕಂಡು ಒಳಕ್ಕೆ ಹೋಯಿತು. ಅವ್ರಿಗೆ ಟೈಂ ಬೇಕು. ಅವ್ರಿಗೆ. ತನ್ನ ಭಾವನ ಎದುರಿಗೂ ಅವನಿಗೆ ಅವಳು ಇನ್ನೂ ಬಹುವಚನವೇ. ಬೇಡವೆಂದದ್ದು ತಾನಲ್ಲ, ಬೇಕೆಂದದ್ದೂ ಅವನಲ್ಲ. ಆದರೆ ದೂರು ತನ್ನ ಮೇಲೆ ಬರುವಂತೆ ಹೇಳಿದನೇ ಅಥವಾ ತನ್ನನ್ನು ಕಾಯುವುದಕ್ಕಾಗಿ ಹೇಳಿದನೇ? ಕಾಯುವುದಕ್ಕೇ ಇರಬೇಕು. ಎಲ್ಲರೂ ಅವಳನ್ನು ಕಾಯುತ್ತಲೇ ಇದ್ದರು.

ಊಟವಾದ ಮೇಲೆ ದೋಣಿ ಮೂರನೆಯ ದ್ವೀಪದ ಕಡೆ ಹೊರಟಿತು. ಗಾಳಿ ಎದ್ದಿತ್ತು. ಅಲೆಗೆ ದೋಣಿ ಏರಿ ಇಳಿದಾಗಲೆಲ್ಲ ಪ್ರಮೋದಾ "ಅಯ್ಯೋ ದೇವ್ರೇ" ಎಂದು ಗಂಡನ ತೋಳು ಹಿಡಿಯುತ್ತಿದ್ದಳು. ಅವಳಿಗೆ ಎರಡು ಸಲ ವಾಂತಿಯಾಯಿತು. ದೂರದಲ್ಲಿ ಆ ದ್ವೀಪ ಬಿಳಿಯ ಗೆರೆಯಾಗಿ ಕಾಣತೊಡಗಿದ್ದಾಗ ಎಂಜಿನ್ನು ಕೆಮ್ಮಿ ಕೆಮ್ಮಿ ನಿಂತುಹೋಯಿತು.

ಒಮ್ಮೆಲೇ ನಿಶ್ಶಬ್ದ. ಕಿವಿಯೊಳಗೆ ಏನೋ ಕಿತ್ತುಕೊಂಡ ಹಾಗೆ. ಆವತ್ತು ದೊಡ್ಡಬಳ್ಳಾಪುರದಲ್ಲೂ ಹೀಗೇ ಕರೆಂಟ್ ಹೋಗಿತ್ತು. ಮಗ್ಗಗಳೆಲ್ಲ ಒಂದೇ ಸಲಕ್ಕೆ ನಿಂತವು, ಅಲ್ಲಿಯವರೆಗೆ ಕೂಗಿ ಕೂಗಿ ಮಾತಾಡುತ್ತಿದ್ದ ಮನೆಯವರು ಏನು ಮಾಡಬೇಕೆಂದು ತಿಳಿಯದೆ ನಕ್ಕರು. ಆ ಮನೆಯ ಹುಡುಗಿ ವೇದಾ ಅವಳ ಪಕ್ಕ ಕೂತು ಬಾಗಿ ಪಿಸುಗುಟ್ಟಿದ್ದಳು: "ಅಕ್ಕಾ, ನಾನು ನಿಮ್ಮನ್ನೇ ನಂಬ್ಕೊಂಡಿದೀನಿ." ಡಾಬಸ್‌ಪೇಟೆಯ ಔಷಧಿ ಕಾರ್ಖಾನೆಯಲ್ಲಿ ಭಾನುವಿನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ನೇಯ್ಗೆಯವರ ಮನೆ, ಬೇರೆ ಜಾತಿ. ಕೆಂಪರಾಜ ಹೋಗಿ ವರ್ಷವಾದ ಮೇಲೆ ಭಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಕಾಲಿನ ಹೆಬ್ಬೆರಳಿಂದ ನೆಲ ಗೀರುತ್ತ, ಅವಳನ್ನು ಮದುವೆಯಾಗಬೇಕೆಂದು ಮೊದಲು ಹೇಳಿದ್ದು ಅತ್ತಿಗೆಗೇ. ಪದ್ಮಶ್ರೀಗೆ ಅವತ್ತು ಎಷ್ಟೋ ತಿಂಗಳ ಮೇಲೆ ನಗು ಬಂದಿತ್ತು. ಸೀರೆ ತರುವ ನೆಪದಲ್ಲಿ ಅವನ ಬೈಕಿನ ಹಿಂದೆ ಕೂತು ದೊಡ್ಡಬಳ್ಳಾಪುರಕ್ಕೆ ಹೋಗಿ ಹುಡುಗಿಯನ್ನು ನೋಡಿ ಬಂದಳು. ಬರುವಾಗ ದಾರಿಯಲ್ಲಿ, "ಒಳ್ಳೇ ಹುಡ್ಗಿ ಕಣೋ. ಅತ್ತೇನ ನಾನ್ ಒಪ್ಪಿಸ್ತೀನಿ. ನಾನ್ ಮಾತಾಡೋವರ್ಗೂ ನೀನು ಬಾಯ್ ಬಿಡ್ಬೇಡ" ಎಂದಿದ್ದಳು. ಸರಿಯಾದ ಹೊತ್ತು ನೋಡಿ ಹೇಳೋಣವೆಂದುಕೊಂಡಳು. ಆ ಹೊತ್ತು ಬರುವ ಮೊದಲು ಇನ್ನೊಂದು ಹೊತ್ತು ಬಂತು.

ಅರಿಶಿನಕುಂಟೆಯ ನಡುಮನೆಯಲ್ಲಿ ಎಲ್ಲರೂ ಕೂತಿದ್ದರು, ಅತ್ತೆ, ಗಂಗಣ್ಣ, ಪ್ರಮೋದಾ, ಪದ್ಮಶ್ರೀಯ ತಂದೆ. ನವ್ಯ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಭಾನುವನ್ನು ಮದುವೆಯಾಗಲು ನಿನಗೆ ಒಪ್ಪಿಗೆಯೇನಮ್ಮ ಎಂದು ಗಂಗಣ್ಣ ಕೇಳಿದ. ಹೊರಗೆ ಜಗುಲಿಯಲ್ಲಿ ಭಾನು ಕೂತಿದ್ದುದು ಕಿಟಕಿಯ ಸರಳಿನ ನಡುವೆ ಕಾಣುತ್ತಿತ್ತು. ಅವನು ಹೇಳುತ್ತಾನೆ, ಈಗ ಎದ್ದು ಬಂದು ಹೇಳುತ್ತಾನೆ, ಅವನೇ ಹೇಳಲಿ ಎಂದುಕೊಂಡಳು. ಅದು ಮೇಲಿನ ಮಾತು. ಅದರ ಕೆಳಗೆ ಇನ್ನೊಂದಿತ್ತು: ವೇದಾ ಈ ಮನೆಗೆ ಬಂದರೆ ತನ್ನ ಜಾಗ ಯಾವುದು? ಹಿಂದಿನ ಕೋಣೆ. ಹೊಸ ಸೊಸೆ ಕೆಲಸಕ್ಕೆ ಹೊರಟಾಗ ಡಬ್ಬಿ ಕಟ್ಟಿಕೊಡುವ ಕೈ. ಹಬ್ಬದ ದಿನ ಮುಂದೆ ಬರದೆ ಒಲೆಯ ಹತ್ತಿರವೇ ಇದ್ದುಬಿಡುವ ಕಾಲು. ತೊಡೆಯ ಮೇಲೆ ಮಗುವಿನ ಭಾರ ಬಿಸಿಯಾಗಿತ್ತು. ಅವಳು ನೆಲ ನೋಡಿದಳು. ಅವಳ ತಂದೆ, "ಮೌನ ಅಂದ್ರೆ ಒಪ್ಪಿಗೇನೇ" ಎಂದು ಕಣ್ಣೊರೆಸಿಕೊಂಡರು. ಪ್ರಮೋದಾ ಎದ್ದು ಬಂದು ಅವಳ ತಲೆ ನೇವರಿಸಿದಳು. ಆ ಕೈ ತಲೆಯ ಮೇಲೆ ಓಡಾಡುತ್ತಿದ್ದಷ್ಟು ಹೊತ್ತೂ ಅವಳಿಗೆ ಹಾಯೆನಿಸಿತ್ತು. ಅದೇ ಅವಳಿಗೆ ಕ್ಷಮಿಸಿಕೊಳ್ಳಲಾಗದ ಸಂಗತಿ. ದುಃಖದಿಂದಲ್ಲ, ಬಲವಂತದಿಂದಲ್ಲ, ಹಾಯೆನಿಸಿತ್ತು.

ದೋಣಿಯವರು ಎಂಜಿನ್ನಿನ ಮುಚ್ಚಳ ತೆಗೆದು ಏನೇನೋ ಮಾಡಿದರು. ದೋಣಿ ಅಡ್ಡ ತಿರುಗಿ ಅಲೆ ಪಕ್ಕದಿಂದ ಹೊಡೆಯತೊಡಗಿತು. ಬಿಳಿಯ ಗೆರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಯಿತು, ಹತ್ತಿರವಂತೂ ಆಗಲಿಲ್ಲ. ಯಾರೋ ಮಕ್ಕಳು ಅಳುತ್ತಿದ್ದರು. ಗಂಗಣ್ಣ ಮನೆದೇವರ ಹೆಸರು ಹೇಳುತ್ತಿದ್ದ. ಬಹಳ ಹೊತ್ತಾದ ಮೇಲೆ ವಾಪಸು ಹೋಗುತ್ತಿದ್ದ ಇನ್ನೊಂದು ದೋಣಿ ಬಂದು ಪಕ್ಕಕ್ಕೆ ನಿಂತಿತು. ಅದರಲ್ಲಿ ಸ್ವಲ್ಪವೇ ಜಾಗವಿತ್ತು. ಮಕ್ಕಳು, ಹೆಂಗಸರು, ಹುಷಾರಿಲ್ಲದವರು ಮೊದಲು ಎಂದರು, ಉಳಿದವರನ್ನು ಕರೆದೊಯ್ಯಲು ಎಳೆಯುವ ದೋಣಿ ಬರುತ್ತದಂತೆ. ಪ್ರಮೋದಾಳನ್ನು ಗಂಗಣ್ಣ, ದೋಣಿಯವನು ಇಬ್ಬರೂ ಹಿಡಿದು ದಾಟಿಸಿದರು. ಅವಳನ್ನು ಹಿಡಿದುಕೊಳ್ಳಲು ಗಂಗಣ್ಣನೂ ದಾಟಿದ. ಮೈಸೂರಿನ ಹೆಂಗಸೂ ದಾಟಿದರು.

"ಪದ್ಮಾ, ಬಾರೇ, ಕೈ ಕೊಡು!" ಎಂದು ಪ್ರಮೋದಾ ಆಚೆಯಿಂದ ಕೂಗಿದಳು.

ಪದ್ಮಶ್ರೀ ಎದ್ದಳು, ಎರಡು ದೋಣಿಗಳ ನಡುವೆ ನೀರು ಬಾಯಿ ತೆರೆದು ಮುಚ್ಚುವುದನ್ನು ನೋಡಿದಳು. ಭಯವಾಗಲಿಲ್ಲ. ಆಚೆ ಹೋದರೆ ಮತ್ತೆ ಪ್ರಮೋದಾಳ ಪಕ್ಕ, ಮತ್ತೆ ಪುಣ್ಯವಂತೆ. ಈ ಕೆಟ್ಟು ನಿಂತ ದೋಣಿಯಲ್ಲಿ ಅವಳನ್ನು ನೋಡುವವರು ಯಾರೂ ಉಳಿದಿರಲಿಲ್ಲ. ಅವಳು ಬೆಂಚಿನ ಮೇಲೆ ಕೂತುಬಿಟ್ಟಳು.

"ನಾನ್ ಬರಲ್ಲಕ್ಕ. ನೀವ್ ಹೋಗಿ."

"ಹುಚ್ಚು ಹಿಡೀತೇನೇ ನಿಂಗೆ? ಭಾನು, ಕಳ್ಸೋ ಅವ್ಳನ್ನ!"

ಭಾನು ಹತ್ತಿರ ಬಂದ, ಅವಳ ರಟ್ಟೆ ಹಿಡಿಯಲು ಕೈ ಚಾಚಿದ, ಮುಟ್ಟಲಾರದೆ ಹಿಂದಕ್ಕೆ ತೆಗೆದ. "ಹೋಗಿ ಅತ್ತಿಗೆ!" ಎಂದು ಕಿರುಚಿದ.

ಎರಡು ದೋಣಿಗೂ ಕೇಳಿಸುವಂಥ ಕೂಗು. ಮೈಸೂರಿನ ಹೆಂಗಸು ತಿರುಗಿ ನೋಡಿದರು. ಪ್ರಮೋದಾಳ ಬಾಯಿ ಹಾಗೇ ನಿಂತಿತು. ಆ ದೋಣಿಯವನಿಗೆ ಇದೊಂದೂ ಅರ್ಥವಾಗಲಿಲ್ಲ. ಅವನು ಹಗ್ಗ ಬಿಚ್ಚಿ ಎಂಜಿನ್ ಜೋರು ಮಾಡಿದ. ಪ್ರಮೋದಾ ಕೈ ಚಾಚಿಕೊಂಡೇ ಚಿಕ್ಕವಳಾಗುತ್ತ ಹೋದಳು.

ಉಳಿದ ಗಂಡಸರು ಹಿಂದೆ ಎಂಜಿನ್ನಿನ ಸುತ್ತ ಸೇರಿದ್ದರು. ಭಾನು ಅವಳ ಎದುರಿನ ಬೆಂಚಿನಲ್ಲಿ, ನಡುವೆ ಒಂದಾಳು ಕೂರುವಷ್ಟು ಜಾಗ ಬಿಟ್ಟು, ಮಂಡಿಗಳ ಮೇಲೆ ಮೊಣಕೈಯೂರಿ ಕೂತ. ತೋಯ್ದ ಕೂದಲು ಹಣೆಗೆ ಅಂಟಿ ಮತ್ತೆ ಆ ಡಿಪ್ಲೊಮಾ ಹುಡುಗನ ಹಾಗೆ ಕಂಡ. ಅವಳಿಗೆ ಎಷ್ಟೋ ದಿನಗಳ ಮೇಲೆ ಮಾತು ಸಲೀಸಾಗಿ ಬಂತು.

"ವೇದಾ ಏನ್ ಮಾಡ್ತಿದಾಳೋ ಈಗ?"

ಅವನು ಬೆಚ್ಚಲಿಲ್ಲ. ಯಾವತ್ತಾದರೂ ಕೇಳುತ್ತಾಳೆಂದು ಕಾದಿದ್ದವನ ಹಾಗೆ, "ಗೊತ್ತಿಲ್ಲ. ಕೆಲ್ಸ ಬಿಟ್ಟು ಹೋದ್ಳು. ನಂಬರ್ ಬದಲಾಯ್ಸಿದಾಳೆ" ಎಂದ.

"ಅವತ್ತು ಯಾಕೋ ಸುಮ್ನಿದ್ದೆ? ಜಗುಲೀಲೇ ಇದ್ಯಲ್ಲ. ಒಂದ್ ಮಾತು ಅಂದಿದ್ರೆ ಆಗ್ತಿತ್ತಲ್ಲೋ."

"ನೀವೇ ಅಲ್ವಾ ಹೇಳಿದ್ದು, ನಾನ್ ಮಾತಾಡೋವರ್ಗೂ ಬಾಯ್ ಬಿಡ್ಬೇಡ ಅಂತ." ಅವನ ಧ್ವನಿಯಲ್ಲಿ ದೂರಿರಲಿಲ್ಲ. "ನೀವು ಹೇಳ್ತೀರ ಅನ್ಕೊಂಡೆ. ಕಾಯ್ತಾ ಕೂತಿದ್ದೆ. ನೀವು ಹೇಳ್ಲಿಲ್ಲ. ಆಮೇಲೆ ನಿಮಗೂ ಇದು ಬೇಕೇನೋ ಅನ್ನಿಸ್ತು. ಅಣ್ಣ ಹೋದ್ಮೇಲೆ ನೀವು ಇದು ಬೇಕು ಅಂತ ಏನೂ ಕೇಳಿರ್ಲಿಲ್ಲ ಅತ್ತಿಗೆ. ಒಂದು ಕಾಫಿ ಕೂಡ. ಅದಕ್ಕೆ, ಇದೊಂದಾದ್ರೂ ಇರ್ಲಿ ಅಂತ..."

ಅಲೆ ದೋಣಿಯನ್ನು ಎತ್ತಿ ಇಳಿಸಿತು. ಪದ್ಮಶ್ರೀ ಬೆಂಚಿನ ಅಂಚು ಹಿಡಿದುಕೊಂಡಳು. ಅವನು ಮನೆಯವರ ಬಲವಂತಕ್ಕೆ ತಲೆಬಾಗಿದ್ದಾನೆ, ತನಗೆ ಶಾಪ ಹಾಕುತ್ತಿದ್ದಾನೆ ಎಂದುಕೊಂಡಿದ್ದಳು. ಹಾಗಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಅವಳಿಗೆ ತನ್ನನ್ನು ಕಾಫಿಯ ಲೋಟದ ಹಾಗೆ ತಂದಿಟ್ಟು ದೂರ ನಿಂತಿದ್ದ.

"ನಂಗೆ ಬೇಕಾಗಿತ್ತು ಕಣೋ," ಎಂದಳು. "ನೀನಲ್ಲ. ಆ ಮನೆ. ನನ್ ಅಡಿಗೆಮನೆ. ಅಲ್ಲಿ ವೇದಾ ಬಂದು ನಿಂತ್ಕೊಳೋದನ್ನ ನೋಡಕ್ ಆಗ್ತಿರ್ಲಿಲ್ಲ ನನ್ ಕೈಲಿ. ಅಷ್ಟೇ. ಅಷ್ಟಕ್ಕೇ ಸುಮ್ನಿದ್ದೆ."

ಅವನು ನೀರಿನ ಕಡೆ ತಿರುಗಿದ. ಈಗ ಬಯ್ಯುತ್ತಾನೆ, ಬಯ್ಯಲಿ ಎಂದು ಅವಳು ಕಾದಳು.

"ಮನೆ ನಿಮ್ದೇ ಅಲ್ವಾ," ಎಂದ ಕೊನೆಗೆ. "ಅದಕ್ಕೆ ಇಷ್ಟೆಲ್ಲ ಮಾಡ್ಬೇಕಾಗಿತ್ತಾ?"

ಅಳು ಬಂದದ್ದು ಅವನಿಗೆ. ಮುಖ ತಿರುಗಿಸಿಕೊಂಡು, ಭುಜ ಕುಣಿಯುತ್ತ, ಗಂಡಸರು ಅಳುವ ಹಾಗೆ ಕೆಮ್ಮುತ್ತ ಅತ್ತ. ಮುಂಚಿನ ದಿನಗಳಾಗಿದ್ದರೆ ಅವಳು ಎದ್ದು ಅವನ ತಲೆಗೊಂದು ಮೊಟಕಿ, ಹುಚ್ಚು ಮುಂಡೇದೆ ಸುಮ್ನಿರು ಎನ್ನುತ್ತಿದ್ದಳು. ಈಗ ಅತ್ತಿಗೆಯ ಕೈಯೂ ಅಲ್ಲ, ಹೆಂಡತಿಯ ಕೈಯೂ ಅಲ್ಲ. ಯಾವ ಕೈ ಚಾಚಿದರೂ ತಪ್ಪೇ. ಅವಳು ಕೂತಲ್ಲೇ ಕೂತಿದ್ದಳು.

ಎಳೆಯುವ ದೋಣಿ ಬಂತು. ಹಗ್ಗ ಕಟ್ಟಿ ಜೆಟ್ಟಿಯ ಕಡೆಗೇ ತಿರುಗಿಸಿದರು. ಬಿಳಿಯ ಮರಳು ಹಿಂದೆ ಉಳಿಯಿತು. ಊರು ಕಾಣತೊಡಗಿದಾಗ ಅವಳು, "ಅಕ್ಕನಿಗೆ ಎಲ್ಲಾ ಹೇಳ್ತೀನಿ" ಎಂದಳು.

"ಬೇಡ ಅತ್ತಿಗೆ. ಅಮ್ಮ ನಿಮ್ಮನ್ನ ಸುಮ್ನೆ ಬಿಡಲ್ಲ. ನವ್ಯಾನೂ ಕೊಡಲ್ಲ ಅಂತಾರೆ."

"ಗೊತ್ತು ಕಣೋ," ಎಂದಳು.

ಜೆಟ್ಟಿಯ ಮೇಲೆ ಪ್ರಮೋದಾ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಪದ್ಮಶ್ರೀ ಮೆಟ್ಟಿಲು ಹತ್ತುತ್ತಿದ್ದಂತೆ ಬಂದು ಅಪ್ಪಿಕೊಂಡು ಗೊಳೋ ಎಂದು ಅತ್ತುಬಿಟ್ಟಳು. "ಒಬ್ಬನ್ನ ಕಳ್ಕೊಂಡಿದೀವಿ ಕಣೇ. ನಿಮ್ಗೇನಾದ್ರೂ ಆಗಿದ್ರೆ ನಾನು ಅಮ್ಮನ ಮುಖ ಹೆಂಗ್ ನೋಡ್ಲಿ? ನಾನೇ ಕರ್ಕೊಂಡ್ ಬಂದೆ, ನನ್ ಬುದ್ಧಿಗಿಷ್ಟು." ಅವಳ ಮೈಯಿಂದ ವಾಂತಿಯ, ಉಪ್ಪಿನ ವಾಸನೆ ಬರುತ್ತಿತ್ತು. ಈ ಅಪ್ಪುಗೆಯಲ್ಲಿ ಇನ್ನೊಂದು ಗಳಿಗೆ ಇದ್ದರೆ ಮಾತು ಒಳಗೇ ಉಳಿದುಬಿಡುತ್ತದೆ ಎಂದು ಪದ್ಮಶ್ರೀಗೆ ತಿಳಿಯಿತು. ಹಿಂದೆ ಸರಿದು ಪ್ರಮೋದಾಳ ಎರಡೂ ಕೈ ಹಿಡಿದು, ಸಾಲಾಗಿ ಇಳಿಯುತ್ತಿದ್ದ ಜನ ಕೇಳಿದರೆ ಕೇಳಲಿ ಎಂದು, ಅಡಿಗೆಮನೆಯ ಬಾಗಿಲಿಂದ ನಡುಮನೆಯವರೆಗಿನದನ್ನೆಲ್ಲ ಹೇಳಿದಳು. ವೇದಾಳ ಹೆಸರು, ದೊಡ್ಡಬಳ್ಳಾಪುರ, ತಾನು ಕೊಟ್ಟ ಮಾತು, ಸುಮ್ಮನಿದ್ದದ್ದು.

ಪ್ರಮೋದಾ ಕಣ್ಣು ಒರೆಸಿಕೊಂಡಳು.

"ಗೊತ್ತಿತ್ತು," ಎಂದಳು.

"ಏನಕ್ಕ?"

"ಆ ಹುಡ್ಗಿ ವಿಷ್ಯ. ನೀನು ಅವ್ನ ಜೊತೆ ಹೋಗಿ ನೋಡ್ಕೊಂಡ್ ಬಂದಿದ್ದು. ದೊಡ್ಡಬಳ್ಳಾಪುರದಲ್ಲಿ ನಮ್ಮೋರು ಯಾರೂ ಇಲ್ವಾ? ಅಮ್ಮನಿಗೂ ಗೊತ್ತಿತ್ತು. ನಿಮ್ಮಿಬ್ರಲ್ಲಿ ಒಬ್ರು ಬೇಡ ಅಂದಿದ್ರೂ ಅವತ್ತೇ ಬಿಟ್ಬಿಡ್ತಿದ್ವಿ ಕಣೇ. ನೀನೂ ಅನ್ಲಿಲ್ಲ, ಅವ್ನೂ ಅನ್ಲಿಲ್ಲ. ಇಬ್ರಿಗೂ ಮನಸ್ಸಿದೆ ಅನ್ಕೊಂಡ್ವಿ."

ಅದು ನಿಜವೋ, ಈಗ ಹುಟ್ಟಿದ ಮಾತೋ? ಪ್ರಮೋದಾಳ ಮುಖದಲ್ಲಿ ಹುಡುಕಿದಳು, ತಿಳಿಯಲಿಲ್ಲ. ಎರಡು ತಿಂಗಳಿಂದ ಒಡಲಲ್ಲಿ ಕಟ್ಟಿಕೊಂಡಿದ್ದ ಪಾಪ, ಇಡೀ ಮನೆಗೆ ಗೊತ್ತಿದ್ದದ್ದು. ಬಾಗಿಲು ತೆರೆದೇ ಇತ್ತಂತೆ. ಅವಳು, ಅವನು, ಒಬ್ಬರನ್ನೊಬ್ಬರು ಕಾಯುತ್ತ ಒಳಗೇ ಕೂತಿದ್ದರಂತೆ. ಹಿಂದೆ ತಿರುಗಿ ನೋಡಿದಳು. ಭಾನು ಮೆಟ್ಟಿಲ ಮೇಲೆ ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. ಅವನ ಮುಖದಲ್ಲಿ ಏನೂ ಇರಲಿಲ್ಲ.

"ಈಗ ಅಂತಿದೀನಲ್ಲಕ್ಕ," ಎಂದಳು ಪದ್ಮಶ್ರೀ. "ಬೇಡ ಅಂತಿದೀನಿ."

"ಈಗ ಕೊರಳಿಗೆ ತಾಳಿ ಬಿದ್ದಿದೆಯಲ್ಲೇ. ಈಗೇನ್ ಮಾಡಕ್ ಆಗುತ್ತೆ?"

"ಗೊತ್ತಿಲ್ಲ. ಊರಿಗೆ ಹೋದ್ಮೇಲೆ ಅತ್ತೆ ಹತ್ರಾನೂ ನಾನೇ ಕೂತು ಹೇಳ್ತೀನಿ. ಇವತ್ತು ಮಾತ್ರ ನಾನು ನಿಮ್ ರೂಮಲ್ಲಿ ಮಲಗ್ತೀನಿ. ಗಂಗಣ್ಣ, ಭಾನು ಆ ರೂಮಲ್ಲಿರ್ಲಿ. ಅವ್ನು ಬಂದಾಗಿಂದ ನೆಲದ್ ಮೇಲೆ ಮಲಗ್ತಿದಾನೆ."

ಪ್ರಮೋದಾ ತಮ್ಮನ ಕಡೆ ನೋಡಿದಳು. ಆಮೇಲೆ ರಸ್ತೆಯ ಕಡೆ ನಡೆದಳು. ಗಂಗಣ್ಣ ಹೋಟೆಲಿನ ವ್ಯಾನಿನ ಪಕ್ಕ ನಿಂತಿದ್ದ. ಇವರು ಬರುವುದನ್ನು ಕಂಡು, ಜೆಟ್ಟಿಯ ಮೇಲಿನ ಮಾತೇನೂ ತಿಳಿಯದ ಅವನು, ದಿನದ ಹಾಗೆಯೇ ಹಿಂದಿನ ಬಾಗಿಲು ತೆರೆದು, "ಬರ್ಲಿ, ಬರ್ಲಿ, ಜೋಡಿ ಬರ್ಲಿ" ಎಂದು ನಕ್ಕ. ಪದ್ಮಶ್ರೀ ಹತ್ತಿ ಒಂದು ಕಿಟಕಿಗೆ ಕೂತಳು. ಭಾನು ಆ ಕಡೆಯಿಂದ ಹತ್ತಿ ಇನ್ನೊಂದು ಕಿಟಕಿಗೆ ಕೂತ. ಪ್ರಮೋದಾ ಮುಂದಿನ ಸೀಟಿನ ಬಾಗಿಲು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಅದನ್ನು ಮುಚ್ಚಿ, ಹಿಂದಕ್ಕೆ ಬಂದು, ಒದ್ದೆ ಸೀರೆ ಒತ್ತಾಗಿ ಹಿಡಿದುಕೊಂಡು ತಮ್ಮನ ಮಂಡಿ ದಾಟಿ ಇಬ್ಬರ ನಡುವೆ ಕೂತಳು. ಯಾರ ಮುಖವನ್ನೂ ನೋಡಲಿಲ್ಲ. ವ್ಯಾನು ಹೊರಟಿತು. ತಿರುವುಗಳಲ್ಲಿ ಅವಳ ದಪ್ಪ ಭುಜ ಒಮ್ಮೆ ಇವಳ ಮೇಲೆ, ಒಮ್ಮೆ ಅವನ ಮೇಲೆ ಒರಗುತ್ತಿತ್ತು. ಕಾಪಾಡುವುದಕ್ಕೆ ಕೂತಿದ್ದಾಳೋ, ಕಾವಲಿಗೆ ಕೂತಿದ್ದಾಳೋ ಪದ್ಮಶ್ರೀಗೆ ತಿಳಿಯಲಿಲ್ಲ. ಆದರೂ ಮೈ ಸಡಿಲ ಬಿಟ್ಟು, ಕಿಟಕಿಯ ಗಾಜಿಗೆ ತಲೆಯಾನಿಸಿದಳು.